ದೊಡ್ಡಮ್ಮನ ಹಲ್ಲೂ ನನ್ನ ರೆಕಾರ್ಡರೂ

ಬೆಚ್ಚಿಬೀಳುವುದಕ್ಕೆ ಮನುಷ್ಯನಿಗೆ ಹಾವೋ ಚಿರತೆಯೋ ಎದುರಾಗಬೇಕೆಂದೇನೂ ಇಲ್ಲ. ನಮ್ಮ ತುಮಕೂರಿನ ಕಡೆಯವರಂತೂ ಚಿರತೆಯ ಸುದ್ದಿಯನ್ನು ‘ತೋಟಕ್ಕೆ ಬಂದಿತ್ತಂತೆ, ನಾಯಿ ಎತ್ಕೊಂಡು ಹೋಯ್ತಂತೆ’ ಎಂದು ಕಾಫಿ ಲೋಟ ಕೆಳಗಿಡದೆಯೇ ಹೇಳಿ ಮುಗಿಸುತ್ತಾರೆ. ನನ್ನನ್ನು ಬೆಚ್ಚಿಬೀಳಿಸಿದ್ದು ಅಂಗೈಯೊಳಗೆ ಅಡಗುವ ಒಂದು ಕಪ್ಪು ಡಬ್ಬಿ. ಅದಕ್ಕೆ ಉಗುರಿಲ್ಲ, ಹಲ್ಲಿಲ್ಲ, ಬಾಲವಿಲ್ಲ. ಇರುವುದು ತಲೆಯ ಮೇಲೆ ಎರಡು ಸಣ್ಣ ತೂತು, ಎದೆಯ ಮೇಲೆ ಒಂದು ಕೆಂಪು ದೀಪ. ಅಷ್ಟನ್ನೇ ಇಟ್ಟುಕೊಂಡು ಅದು ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಲ್ಲೇ ಕಲ್ಲು ಮಾಡಿತು. ಒಲೆಯ ಮೇಲಿದ್ದ ಹಾಲು ಉಕ್ಕಿ, ಹರಿದು, ಸೀದು, ವಾಸನೆ ಪಕ್ಕದ ಮನೆಗೆ ಮುಟ್ಟಿದರೂ ನಾನು ಕದಲಲಿಲ್ಲ. ಆ ಪೆಟ್ಟಿನಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಬರೆದರೆ ಸ್ವಲ್ಪ ಇಳಿದೀತೆಂದು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಗಂಟಲಿನ ವಿಚಾರ ಹೇಳಿಬಿಡಬೇಕು. ನಾನು ಪ್ರೈಮರಿ ಶಾಲೆಯ ಟೀಚರು. ಜೀವಮಾನದ ಬಹುಪಾಲು ಮಕ್ಕಳಿಗೆ ಮಗ್ಗಿ ಹೇಳಿಸುವುದರಲ್ಲಿಯೇ ಕಳೆದಿದೆ. ನಾನು ‘ಎರಡೊಂದ್ಲ ಎರಡು’ ಎಂದರೆ ಪಕ್ಕದ ಕೊಠಡಿಯಲ್ಲಿ ಪರಿಸರ ಪಾಠ ಓದುತ್ತಿದ್ದ ಮಕ್ಕಳೂ ಪುಸ್ತಕ ಮುಚ್ಚಿ ‘ಎರಡೆರಡ್ಲ ನಾಕು’ ಎನ್ನುತ್ತವೆ. ಇಂಥ ಗಂಟಲನ್ನು ದೇವರು ಬರೀ ಮಗ್ಗಿಗಾಗಿ ಕೊಟ್ಟಿರಲಾರ, ಸೋಬಾನೆಗೂ ಸೇರಿಸಿಯೇ ಕೊಟ್ಟಿದ್ದಾನೆ ಎಂಬುದು ನನ್ನ ನಂಬಿಕೆಯಾಗಿತ್ತು. ಸೋಬಾನೆಯಲ್ಲಿ ಒಬ್ಬರು ಒಂದು ಸಾಲು ಹೇಳುತ್ತಾರೆ, ಸುತ್ತ ಕುಳಿತವರು ಅದನ್ನು ಎತ್ತಿಕೊಂಡು ತಿರುಗಿ ಹೇಳುತ್ತಾರೆ. ನಮ್ಮಲ್ಲಿ ಹೇಳುವವಳು ಹೆಬ್ಬೂರಿನ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ. ಎತ್ತಿಕೊಳ್ಳುವವರು ಅವಳ ಜೊತೆಗಾತಿ ಸಾಕಮ್ಮ ಮತ್ತು ನಾನು. ಬೇರೆ ಹೆಂಗಸರೂ ಇರುತ್ತಾರೆ. ಆದರೆ ನಾನು ಎತ್ತಿಕೊಂಡ ಮೇಲೆ ಅವರು ಒಬ್ಬೊಬ್ಬರಾಗಿ ಸುಮ್ಮನಾಗಿಬಿಡುತ್ತಾರೆ. ಅದು ನನ್ನ ದನಿಗೆ ಕೊಡುವ ಮರ್ಯಾದೆ ಎಂದು ತಿಳಿದಿದ್ದೆ.

ಹಾಗೆ ತಿಳಿಯುವುದಕ್ಕೆ ಮನೆಯಲ್ಲೂ ಆಧಾರವಿತ್ತು. ನಮ್ಮ ಯಜಮಾನರು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಯಂತ್ರದ ಪಕ್ಕ ನಿಂತೇ ಸರ್ವೀಸು ಮುಗಿಸಿದವರು. ‘ಸೋಬಾನೆ ಅಂದ್ರೆ ನಿಂದೇ ಕಣೆ ಲಲಿತಾ. ಬೇರೆಯವರದು ನನಗೆ ಕೇಳಿಸೋದೇ ಇಲ್ಲ’ ಎಂದು ಯಾವ ಮದುವೆಗೆ ಹೋಗಿ ಬಂದರೂ ಹೇಳುತ್ತಾರೆ. ಇದನ್ನು ನಾನು ಇಷ್ಟು ವರ್ಷವೂ ಹೊಗಳಿಕೆ ಎಂದೇ ಲೆಕ್ಕ ಹಿಡಿದಿದ್ದೆ.

ನನಗೆ ಪದ ಕಲಿಸಿದವಳು ದೊಡ್ಡಮ್ಮನೇ. ರಜೆಯಲ್ಲಿ ಹೆಬ್ಬೂರಿಗೆ ಹೋದರೆ ರಾಗಿಕಲ್ಲಿನ ಗೂಟ ಹಿಡಿದ ಅವಳ ಕೈ ಮೇಲೆ ನನ್ನ ಪುಟ್ಟ ಕೈ ಇಟ್ಟು ಕೂರಿಸಿಕೊಳ್ಳುತ್ತಿದ್ದಳು. ಕಲ್ಲು ತಿರುಗಿದಂತೆ ಪದವೂ ತಿರುಗಿ ತಿರುಗಿ ತಲೆಯೊಳಗೆ ಇಳಿಯುತ್ತಿತ್ತು. ಅವಳ ಪದಗಳು ಬರವಣಿಗೆಯಲ್ಲಿ ಎಲ್ಲೂ ಇಲ್ಲ. ಅವಳ ಸ್ವಂತ ಮಗಳಿಗೆ ತಿರುಗಿ ಎತ್ತಿಕೊಳ್ಳುವ ಸೊಲ್ಲು ಮಾತ್ರ ಬರುತ್ತದೆ, ಸಾಕಮ್ಮನಿಗೂ ಅಷ್ಟೆ. ಪೂರ್ತಿ ಪದ ಮೊದಲಿಂದ ಕೊನೆಯವರೆಗೆ ಬರುವುದು ಅವಳಿಗೆ, ಅವಳನ್ನು ಬಿಟ್ಟರೆ ನನಗೆ. ಈ ವಿಷಯದಲ್ಲಿ ಮಾತ್ರ ನಾನು ಈಗಲೂ ತಲೆ ಎತ್ತಿಯೇ ಮಾತಾಡಬಲ್ಲೆ.

ಕಥೆ ಶುರುವಾದದ್ದು ದೊಡ್ಡಮ್ಮ ಹಲ್ಲಿನ ಡಾಕ್ಟರನ್ನು ನೋಡಲು ತುಮಕೂರಿಗೆ ಬಂದ ದಿನ. ನಮ್ಮ ಮನೆಗೆ ಬಂದವಳು ಚಾಪೆಯ ಮೇಲೆ ಕೂತು, ಕೆನ್ನೆಗೆ ಕೈ ಹಚ್ಚಿ, ಊರಿನ ಯಾರದೋ ಸಾವಿನ ಸುದ್ದಿ ಹೇಳುವಂತೆ ಹೇಳಿದಳು: ‘ಎಲ್ಲಾ ಕೀಳ್ಬೇಕಂತೆ ಕಣೆ ಲಲ್ತಾ.’

‘ಎಲ್ಲಾನೂವಾ?’

‘ಒಂದೂ ಉಳಿಯಂಗಿಲ್ವಂತೆ. ಕಿತ್ತು, ಒಸಡು ಒಣಗಿ, ಆಮೇಲೆ ಸೆಟ್ಟು ಕಟ್ತಾರಂತೆ. ಕಟ್ಟಿದ್ಮೇಲೂ ನಾಲಿಗೆ ಹೊಸ ಮನೆಗೆ ಬಂದ ಸೊಸೆ ಥರ ತಡಕಾಡ್ತಾ ಇರ್ತದಂತೆ. ಹಲ್ಲಿಲ್ದೆ ಸೋಬಾನೆ ಹೇಳಿದ್ರೆ ಫೋಬಾನೆ ಆಯ್ತದೆ. ಮದುವೆ ಮನೇಲಿ ಹೆಣ್ಣೇ ನಗ್ತದೆ.’ ನಾಲಿಗೆಯಿಂದ ಹಲ್ಲು ತಡವಿಕೊಂಡು, ‘ಹಲ್ಲು ಬಾಯಲ್ಲಿರೋವಾಗ್ಲೇ ನನ್ನ ಪದ ಹಿಡಿದಿಟ್ಕೊಬುಡು. ಅದಕ್ಕೊಂದು ಮಿಷಿನ್ ತಗೋ. ದುಬಾರಿದು ಬ್ಯಾಡ. ಹಾಡೋದು ನಾನು, ಮಿಷಿನ್ ಅಲ್ಲ’ ಎಂದಳು.

‘ಫೋನಲ್ಲೇ ಹಿಡಿಯೋಣ ಬಿಡು ದೊಡ್ಡಮ್ಮ’ ಎಂದೆ. ‘ಫೋನ್ ಬ್ಯಾಡ’ ಎಂದಳು. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಹಿಂದೆ ಒಂದು ಸೀಮಂತದಲ್ಲಿ ಫೋನಿನಲ್ಲಿ ಹಿಡಿಯಲು ಹೋಗಿ, ಬಸುರಿಯ ಬಯಕೆಯ ಪದ ಅರ್ಧಕ್ಕೆ ಬಂದಾಗ ಯಾರೋ ಕರೆ ಮಾಡಿ ನಿಮಗೆ ಸಾಲ ಬೇಕೇ ಎಂದು ಕೇಳಿದ್ದರು. ಆಮೇಲೆ ಹಾಕಿ ಕೇಳಿದರೆ ದೊಡ್ಡಮ್ಮನ ಸಾಲು ಬರುತ್ತಿತ್ತು, ಎತ್ತಿಕೊಳ್ಳುವ ಹೊತ್ತಿಗೆ ಎಲ್ಲ ಮಾಯ. ಸುತ್ತಲ ಗಲಾಟೆಯನ್ನು ಫೋನು ತಾನಾಗಿಯೇ ಅಳಿಸಿಬಿಡುತ್ತದೆ ಎಂದು ಯಾರೋ ಅಂದರು. ಗಲಾಟೆ ಯಾವುದು, ಹಾಡು ಯಾವುದು ಎಂದು ಫೋನಿಗೆ ತಿಳಿಯುವುದಿಲ್ಲವೆಂದು ನಾನು ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಫೋನಿಗೇ ಮೊದಲು ತಿಳಿದಿತ್ತು.

ದೊಡ್ಡಮ್ಮನದು ಇನ್ನೊಂದು ಕಟ್ಟಳೆ. ಸಂದರ್ಭವಿಲ್ಲದೆ ಅವಳು ಪದ ಹೇಳುವುದಿಲ್ಲ. ‘ಮದುವೆ ಇಲ್ದೆ ಅರಿಶಿನದ ಪದ ಹೇಳಾಕಾಯ್ತದಾ? ಖಾಲಿ ತೊಟ್ಟಿಲು ತೂಗಬಾರ್ದು, ಖಾಲಿ ತೊಟ್ಟಿಲಿಗೆ ಪದಾನೂ ಹೇಳಬಾರ್ದು’ ಎನ್ನುತ್ತಾಳೆ. ಹಾಗಾಗಿ ಮನೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಮೈಕು ಹಿಡಿದು ಹಾಡಿಸುವ ಮಾತೇ ಇಲ್ಲ. ಹಲ್ಲು ಕೀಳುವ ಮುಂಚೆ ಎರಡೇ ಸಂದರ್ಭ ಉಳಿದಿದ್ದವು. ಒಂದು, ಕುಣಿಗಲ್ಲಿನಲ್ಲಿ ಅವಳ ಮೊಮ್ಮಗಳು ಪವಿತ್ರಳ ಮಗುವಿನ ನಾಮಕರಣ. ಇನ್ನೊಂದು, ಗುಬ್ಬಿಯಲ್ಲಿ ಸಾಕಮ್ಮನ ತಮ್ಮನ ಮಗಳ ಮದುವೆಗೆ ಅರಿಶಿನ ಕುಟ್ಟುವ ಶಾಸ್ತ್ರ. ಅದಾದ ವಾರದಲ್ಲಿ ಹಲ್ಲಿಗೆ ವಿದಾಯ. ಅಂದರೆ ನನಗೆ ಬೇಕಾದದ್ದು ಬಸ್ಸಿನಲ್ಲಿ ಒಯ್ಯುವಂಥ, ಒನಕೆಯ ಪೆಟ್ಟಿಗೂ ಮಗುವಿನ ಅಳುವಿಗೂ ಜಗ್ಗದ, ಟೀಚರ ಕೈಗೆಟುಕುವ ಮಿಷಿನು.

ಯಜಮಾನರನ್ನು ಕರೆದುಕೊಂಡು ಅಶೋಕ ರಸ್ತೆಯ ಹಿಂದಿನ ಗಲ್ಲಿಯ ಒಂದು ಅಂಗಡಿಗೆ ಹೋದೆ. ಅಂಗಡಿಯವನು ನಮ್ಮ ವಯಸ್ಸಿನವನೇ, ಮೂಗಿನ ತುದಿಗೆ ಕನ್ನಡಕ. ರೆಕಾರ್ಡರು ಬೇಕೆಂದದ್ದೇ ತಡ, ನನ್ನನ್ನೂ ಯಜಮಾನರನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಯಾರ್ನ ಹಿಡೀಬೇಕು ಮೇಡಂ?’ ಎಂದ.

‘ನಮ್ಮ ದೊಡ್ಡಮ್ಮನ್ನ.’

‘ಆಸ್ತಿ ವಿಷ್ಯನಾ?’

ನಾನು ಬೆಚ್ಚಿದೆ. ‘ಅಯ್ಯೋ ಇಲ್ಲಪ್ಪ, ಹಾಡು ಹಿಡಿಯೋಕೆ’ ಎಂದೆ. ಅವನು ನನಗಿಂತ ಹೆಚ್ಚು ಬೆಚ್ಚಿದ. ‘ಹಾಡಾ? ಹಾಡಿಗೆ ಯಾರೂ ಕೇಳಿಕೊಂಡು ಬಂದಿರ್ಲಿಲ್ಲ ಮೇಡಂ. ಸೊಸೆ ಮಾತು ಹಿಡಿಯೋಕೆ ಅತ್ತೆ ಬರ್ತಾರೆ, ಅತ್ತೆ ಮಾತು ಹಿಡಿಯೋಕೆ ಸೊಸೆ ಬರ್ತಾರೆ. ಒಂದೇ ಮನೆಯವರು ಬೇರೆ ಬೇರೆ ದಿನ ಬಂದು ಒಂದೇ ಮಾಡೆಲ್ ತಗೊಂಡೋಗವ್ರೆ’ ಎನ್ನುತ್ತ ಗಾಜಿನ ಕಪಾಟು ತೆರೆದ. ಬರೆಯುವ ಪೆನ್ನಿನಂತಿರುವ ರೆಕಾರ್ಡರು, ಬೀಗದ ಕೈಗೊಂಚಲಿನಂತಿರುವ ರೆಕಾರ್ಡರು, ಅಂಗಿಯ ಗುಂಡಿಯಂತಿರುವ ರೆಕಾರ್ಡರು. ನಮ್ಮ ಊರಿನಲ್ಲಿ ಇಷ್ಟೊಂದು ಜನ ಒಬ್ಬರನ್ನೊಬ್ಬರು ಹಿಡಿಯುತ್ತಿದ್ದಾರೆಯೇ ಎಂದು ಆ ಕ್ಷಣದಿಂದ ಎದುರು ಸಿಕ್ಕವರ ಗುಂಡಿಯನ್ನೇ ನೋಡತೊಡಗಿದೆ. ನಮ್ಮ ಶಾಲೆಯ ಹೆಡ್‌ಮಿಸ್ಸು ಯಾವಾಗಲೂ ಕೈಚೀಲಕ್ಕೆ ಸಿಕ್ಕಿಸಿರುವ ದಪ್ಪ ಪೆನ್ನು ನೆನಪಾಗಿ, ಅವರ ಮುಂದೆ ಏನೇನು ಮಾತಾಡಿದ್ದೆನೆಂದು ಬೆವರಿದೆ.

‘ಸಂಗೀತಕ್ಕೇ ಅಂತ ಇದು ಬರುತ್ತೆ’ ಎಂದು ಅವನು ಕೊನೆಗೆ ಮೇಲಿನ ಅರೆಯಿಂದ ಒಂದನ್ನು ಇಳಿಸಿದ. ಬಸವನಹುಳುವಿನ ಕೊಂಬಿನ ಹಾಗೆ ಎರಡು ಮೈಕು, ಅದರ ಮೇಲೆ ಬೂದು ಬಣ್ಣದ ಒಂದು ಕೂದಲಿನ ಟೋಪಿ. ಗಾಳಿಯ ಸದ್ದು ಬಾರದಿರಲೆಂದು ಟೋಪಿಯಂತೆ. ನನಗೆ ಅದು ಬೆಕ್ಕಿನ ಮರಿಯನ್ನು ಕತ್ತಿನವರೆಗೆ ಡಬ್ಬಿಯೊಳಗೆ ಹಾಕಿಟ್ಟಂತೆ ಕಂಡಿತು. ಅವನು ಬೆಲೆ ಹೇಳಿದ. ಯಜಮಾನರಿಗೂ ಸ್ಪಷ್ಟವಾಗಿ ಕೇಳಿಸಿತು. ‘ಅಲ್ಲೇ ಇಡಿ ಸ್ವಾಮಿ’ ಎಂದರು.

ಉಳಿದದ್ದು ನಾನು ಮೊದಲೇ ಹೇಳಿದ ಕಪ್ಪು ಡಬ್ಬಿ. ಅಗ್ಗ. ಗುಂಡಿಗಳು ದಪ್ಪ. ಪೆನ್ಸಿಲ್ ಸೆಲ್ಲು ಹಾಕಿದರೆ ಸಾಕು. ಆ ಸೆಲ್ಲು ಗುಬ್ಬಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಜೋರು ಸದ್ದು ಬಂದರೆ ತಾನೇ ತಗ್ಗಿಸಿಕೊಳ್ಳುತ್ತದೆ, ಒನಕೆಗೆ ಹೆದರಬೇಕಿಲ್ಲ. ‘ಇದರದ್ದು ಇನ್ನೊಂದು ವಿಶೇಷ ಮೇಡಂ’ ಎಂದು ಅಂಗಡಿಯವನು ಹಳೆಯ ಅಭ್ಯಾಸದಂತೆ ಮತ್ತೆ ದನಿ ತಗ್ಗಿಸಿದ. ‘ಯಾರೂ ಬಾಯ್ ಬಿಡದೆ ಇದ್ರೆ ಕೆಂಪು ಲೈಟು ಆರಿಸ್ಕೊಂಡು ಸುಮ್ನೆ ಮಲಗಿರುತ್ತೆ. ಬಾಯ್ ಬಿಟ್ಟ ತಕ್ಷಣ ತಾನೇ ಎದ್ದು ಹಿಡಿಯೋಕೆ ಶುರು ಮಾಡುತ್ತೆ. ಸೆಲ್ಲೂ ಉಳೀತು, ಮಾತೂ ಸಿಕ್ತು.’ ಹಾಡಿಗೆ ಅದರಿಂದ ಏನು ಪ್ರಯೋಜನವೆಂದು ಹೊಳೆಯದಿದ್ದರೂ, ಪುಕ್ಕಟೆ ಬಂದದ್ದು ಯಾಕೆ ಬಿಡಬೇಕೆಂದು ತಲೆಯಾಡಿಸಿದೆ.

ಪರೀಕ್ಷೆಗೆಂದು ನಾನು ಅಂಗಡಿಯಲ್ಲೇ ಒಂದು ಸೊಲ್ಲು ಎತ್ತಿದೆ. ಅಂಗಡಿಯವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿದ. ಕೇಳುತ್ತಿದ್ದಂತೆ ಅವನ ಕನ್ನಡಕ ಮೂಗಿನಿಂದ ಇನ್ನೂ ಸ್ವಲ್ಪ ಕೆಳಗೆ ಜಾರಿತು. ಹೆಡ್‌ಫೋನು ತೆಗೆದು, ಕಿವಿ ಉಜ್ಜಿಕೊಂಡು, ಬಹಳ ಯೋಚಿಸಿ, ‘ಮಿಷಿನ್‌ದು ಏನೂ ದೋಷ ಇಲ್ಲ ಮೇಡಂ’ ಎಂದ. ನಾನು ಹೆಮ್ಮೆಯಿಂದ ಚೀಲಕ್ಕೆ ಹಾಕಿಕೊಂಡೆ.

ಕುಣಿಗಲ್ಲಿನ ನಾಮಕರಣದ ದಿನ ದೊಡ್ಡಮ್ಮ ಮಾಡಿದ ಮೊದಲ ಕೆಲಸ ನನ್ನನ್ನು ಪಕ್ಕಕ್ಕೆ ಕರೆದದ್ದು. ‘ನೋಡು ಲಲ್ತಾ, ಮಿಷಿನ್ ಹಿಡ್ಕೊಂಡೋರು ಹಾಡಾಕಾಗಲ್ಲ. ಎರಡು ಕೆಲ್ಸ ಒಟ್ಟಿಗೆ ಮಾಡಿದ್ರೆ ಎರಡೂ ಕೆಡ್ತವೆ. ನೀನು ಅದ್ರ ಕಡೆ ಗ್ಯಾನ ಇಟ್ಕಂಡು ಸುಮ್ಕೆ ಕೂತ್ಕೊ.’ ನಾನಿಲ್ಲದೆ ಹಾಡು ಸೊರಗಿಹೋಗುತ್ತದಲ್ಲ, ಸಾಕಮ್ಮ ಒಬ್ಬಳೇ ಎಷ್ಟೆಂದು ಹೊತ್ತಾಳು. ಆದರೂ ದೊಡ್ಡಮ್ಮನ ಹಲ್ಲಿಗಾಗಿ ಇಷ್ಟಾದರೂ ತ್ಯಾಗ ಮಾಡದಿದ್ದರೆ ಹೇಗೆಂದು ಒಪ್ಪಿಕೊಂಡೆ.

ಅವಳು ಮಾಡಿದ ಎರಡನೆಯ ಕೆಲಸ ಮಿಷಿನ್ನಿಗೆ ಪೂಜೆ. ‘ಹೊಸಾ ಸಾಮಾನು, ಹಂಗೇ ಮುಟ್ಟಬಾರ್ದು’ ಎಂದು ಅದನ್ನು ತಟ್ಟೆಯಲ್ಲಿ ಅಕ್ಕಿಯ ಮೇಲೆ ಕೂರಿಸಿದಳು. ಹೂವು ಏರಿಸಿದಳು. ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಉಂಗುರದ ಬೆರಳಿನಿಂದ ಎರಡು ದಪ್ಪ ಬೊಟ್ಟಿಟ್ಟಳು. ನಾನೂ ಭಕ್ತಿಯಿಂದ ಕೈಮುಗಿದೆ. ಆಮೇಲೆ ತೊಟ್ಟಿಲ ಪದ ಶುರುವಾಯಿತು. ದೊಡ್ಡಮ್ಮ ಅವತ್ತು ಹೇಳಿದ ಹಾಗೆ ಯಾವತ್ತೂ ಹೇಳಿರಲಿಲ್ಲ. ಪವಿತ್ರ ಕಣ್ಣೊರೆಸಿಕೊಂಡಳು, ಅವಳ ಅತ್ತೆ ಕಣ್ಣೊರೆಸಿಕೊಂಡರು, ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಮಿಷಿನ್ನಿನ ಕಡೆ ಗ್ಯಾನವಿಟ್ಟುಕೊಂಡು ಕೂತಿದ್ದೆ.

ಹಿಂತಿರುಗುವಾಗ ಬಸ್ಸಿನಲ್ಲಿ ದೊಡ್ಡಮ್ಮನ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದೆ. ಒಳಗಿನಿಂದ ‘ಗುಂಯ್’ ಎಂದಿತು. ಆ ಗುಂಯ್‌ನ ಆಳದಲ್ಲಿ ಎಲ್ಲೋ ಒಂದು ಹೆಣ್ಣುದನಿ ನರಳಿದಂತಾಯಿತು.

‘ಯಾರೇ ಇದು? ರಾಗಿ ಹಗೇವಿನ ಗುಂಡಿಗೆ ಬಿದ್ದವ್ರಾ?’ ಎಂದಳು ದೊಡ್ಡಮ್ಮ.

‘ನೀನೇ ದೊಡ್ಡಮ್ಮ.’

ಮಿಷಿನ್ನನ್ನು ತಿರುಗಿಸಿ ನೋಡಿದೆ. ತಲೆಯ ಮೇಲಿನ ಎರಡೂ ತೂತುಗಳಲ್ಲಿ ಕುಂಕುಮ ಗಾರೆಯಂತೆ ಒಣಗಿ ಕೂತಿತ್ತು. ದೊಡ್ಡಮ್ಮ ನೋಡಿದಳು. ‘ನಂಗೇನ್ ಗೊತ್ತು, ಕಣ್ಣು ಅಂದ್ಕಂಡೆ. ಅದು ಅದರ ಕಿವಿನಾ?’ ಎಂದಳು. ಅವಳನ್ನೇನು ಅನ್ನಲಿ. ಓದು ಬರಹ ಕಲಿತ ನಾನು ಅವಳ ಎದುರಿಗೇ ಕೂತು, ಕೈಮುಗಿದು, ಮಂಗಳಾರತಿ ತೆಗೆದುಕೊಂಡಿದ್ದೆನಲ್ಲ. ಮನೆಗೆ ಬಂದ ಮೇಲೆ ಯಜಮಾನರು ವಿಷಯ ಕೇಳಿ, ‘ದೇವರಿಗೂ ಹಣೆಗೇ ಇಡ್ತೀವಿ, ಕಿವಿಗೆ ಇಡ್ತೀವೇನೇ?’ ಎಂದು, ಸೂಜಿಯ ತುದಿಯಿಂದ ಕುಂಕುಮ ಕೆರೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದರು.

ಮಿಷಿನು ಸರಿಹೋಯಿತು, ತೊಟ್ಟಿಲ ಪದ ಹೋಯಿತು. ಪವಿತ್ರಳ ಮಗುವಿಗೆ ಇನ್ನೊಂದು ಸಲ ಹೆಸರಿಡಲಾಗುತ್ತದೆಯೇ? ‘ಹೋಗ್ಲಿ ಬುಡು, ಇನ್ನೊಂದು ಮಗು ಹುಟ್ಟೋ ಹೊತ್ತಿಗೆ ನನ್ ಹಲ್ಲಿರಲ್ಲ’ ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಎಂದೂ ಇಲ್ಲದ ಒಂದು ಸೋಲಿತ್ತು. ಗುಬ್ಬಿ ತಪ್ಪಬಾರದೆಂದು ನಾನು ಹಟ ಹಿಡಿದೆ.

ಗುಬ್ಬಿಯಲ್ಲಿ ಒರಳಿಗೆ ಸುಣ್ಣ ಕೆಮ್ಮಣ್ಣು ಬಳಿದು, ಒನಕೆಗೆ ಅರಿಶಿನದ ಕೊಂಬು ವೀಳ್ಯದೆಲೆ ಕಟ್ಟಿದ್ದರು. ನಾನು ಈ ಸಲ ಪೂಜೆಯ ತಟ್ಟೆ ಬರುವ ಮುಂಚೆಯೇ ಮಿಷಿನ್ನಿನ ಹಣೆ ಇದು, ಕಿವಿ ಇದು ಎಂದು ದೊಡ್ಡಮ್ಮನಿಗೆ ಪಾಠ ಮಾಡಿದೆ. ಅವಳು ಪಾಪ, ಕೆಳಗೆ ಎಲ್ಲೋ ಸೆಲ್ಲಿನ ಮುಚ್ಚಳದ ಹತ್ತಿರ ಒಂದು ಸಣ್ಣ ಬೊಟ್ಟಿಟ್ಟಳು. ಒನಕೆಯ ಅದುರು ತಟ್ಟದಿರಲೆಂದು ಕಂಬಳಿ ಮಡಿಸಿ, ಅದರ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಮಿಷಿನು ಕೂರಿಸಿದೆ. ಮೊದಲ ಪದವನ್ನು ಸ್ವಲ್ಪ ಹಿಡಿದು ಕೇಳಿದೆ. ಗಂಟೆ ಹೊಡೆದಂತೆ ಬಂದಿತ್ತು. ಆಮೇಲೆ ಶುರುವಾದ ಹಾಡು ನಿಲ್ಲಲೇ ಇಲ್ಲ. ಒನಕೆ ಏಳುವುದಕ್ಕೂ ಸಾಲು ಏಳುವುದಕ್ಕೂ, ಒನಕೆ ಬೀಳುವುದಕ್ಕೂ ಸೊಲ್ಲು ಬೀಳುವುದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇತರ ಸಲ ಸುಮ್ಮನಾಗುತ್ತಿದ್ದ ಹೆಂಗಸರೆಲ್ಲ ಎತ್ತಿಕೊಂಡರು. ನನ್ನ ಗಂಟಲು ಹಂಡೆಯಲ್ಲಿ ಕುದಿಯುವ ನೀರಿನಂತೆ ಕುದಿಯುತ್ತಿತ್ತು. ಎಲ್ಲಿ ಹಾರಿಬರುತ್ತದೋ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಪಕ್ಕದಲ್ಲಿದ್ದವರೊಬ್ಬರು, ‘ಅಳಬ್ಯಾಡಿ ಕಣ್ರೀ, ಹೆಣ್ಣು ತುಮಕೂರಿಗೇ ತಾನೆ ಹೋಗ್ತಿರೋದು’ ಎಂದು ನನ್ನ ಬೆನ್ನು ಸವರಿದರು.

ಹಾಡು ಮುಗಿದು ಒಂದಿಷ್ಟು ಮೌನವಾಯಿತು. ಕೆಂಪು ದೀಪ ಆರಿತು. ಕೆಲಸ ಮುಗಿಯಿತೆಂದು ನಾನು ದೊಡ್ಡಮ್ಮನಿಗೆ ಕಾಫಿ ತರಲು ಒಳಗೆ ಹೋದೆ.

ಇನ್ನು ಆ ಭಾನುವಾರ ಬೆಳಿಗ್ಗೆ. ಹಾಲು ಒಲೆಯ ಮೇಲಿಟ್ಟು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲೆ ಕೂತು ಗುಬ್ಬಿಯ ಹಾಡುಗಳನ್ನು ಹಾಕಿದೆ. ದೊಡ್ಡಮ್ಮನ ದನಿ ನನ್ನ ತಲೆಯೊಳಗೇ ಕೂತು ಹಾಡಿದಂತಿತ್ತು. ಅವಳ ಬಳೆ ಸದ್ದು, ಸಾಲಿನ ಕೊನೆಗೆ ಅವಳು ಎಳೆದುಕೊಳ್ಳುವ ಉಸಿರು, ಎಲ್ಲ ಇತ್ತು. ನಾನು ಕಣ್ಣು ಮುಚ್ಚಿದೆ. ಕೊನೆಯ ಪದವೂ ಮುಗಿಯಿತು. ತೆಗೆಯೋಣವೆಂದು ಕೈ ಎತ್ತಿದೆ. ಅಷ್ಟರಲ್ಲಿ ಮಿಷಿನು ತನ್ನ ವಿಶೇಷ ತೋರಿಸಿತು.

ಸಾಕಮ್ಮನ ದನಿ: ‘ಅಕ್ಕಾ, ಇವತ್ತು ಪದ ನೀರು ಹರ್ದಂಗೆ ಹೋಯ್ತು ಕಣಕ್ಕ.’

ದೊಡ್ಡಮ್ಮ: ‘ಹೋಗ್ದೆ ಏನು? ಲಲ್ತನ ಕೈಗೆ ಆ ಮಿಷಿನ್ ಕೊಟ್ಟು ಕೂರ್ಸಿದೀನಲ್ಲ.’

‘ಅಯ್ಯೋ ನಿನ್ನ. ಅದಕ್ಕೇನಾ ನೀನು ಮಿಷಿನ್ ಮಿಷಿನ್ ಅಂತಿದ್ದಿದ್ದು?’

‘ಇನ್ನೇನ್ ಮಾಡ್ಲಿ? ಅವಳು ಪಾವಡೆ ಹಾಕ್ಕೊಂಡಿದ್ದಾಗಿಂದ ಸಹಿಸ್ಕೊಂಡು ಬಂದಿದೀನಿ ಸಾಕಿ. ಒಂದು ಸಲನಾದ್ರೂ ನನ್ ಪದ ನನ್ ಕಿವಿಗೆ ಬೀಳ್ಲಿ ಅಂತ ಆಸೆ, ಹಲ್ಲು ಹೋಗೋ ಮುಂಚೆ.’

‘ಮಗ್ಗಿ ಹೇಳಿಸ್ದಂಗೆ ಹೇಳ್ತಾಳೆ ಕಣಕ್ಕ. ನಾವೇ ಮಕ್ಕಳ ಥರ ಹಿಂದಿಂದೆ ಓಡ್ಬೇಕು.’

‘ನಾನು ಸತ್ತಾಗ್ಲೂ ಬಂದು ಸೊಲ್ಲು ಎತ್ತುತಾಳೆ. ಆಗ ನಾನು ಎದ್ದು ಕೂತ್ರೂ ಕೂತೆ. ಬಾಯ್ಬಿಟ್ಟು ಹೇಳಾಕೆ ಮನಸ್ ಬರಲ್ಲ ಕಣೆ. ಪದ ಅಂದ್ರೆ ಪ್ರಾಣ ಅವಳಿಗೆ.’

ಇಬ್ಬರೂ ನಕ್ಕರು. ಆಮೇಲೆ ಒಂದು ಭಯಂಕರ ಸದ್ದು ಬಂತು. ‘ದೊಡ್ಡಮ್ಮಾ, ಕಾಫಿಗೆ ಸಕ್ಕರೆನೋ ಬೆಲ್ಲನೋ?’ ನಮ್ಮ ಬೀದಿಯ ಕಸದ ಗಾಡಿಯ ಮೈಕಿನವರು ಗುಬ್ಬಿಯ ಮದುವೆಮನೆಗೆ ಹೇಗೆ ಬಂದರೆಂದು ನಾನು ಯೋಚಿಸುತ್ತಿರುವಾಗಲೇ ದೊಡ್ಡಮ್ಮನ ಉತ್ತರ ಕೇಳಿಸಿತು: ‘ಬೆಲ್ಲನೇ ಹಾಕು ಲಲ್ತಾ. ಬಾರವ್ವ ಬಾ, ನೀನಿಲ್ದೆ ಇವತ್ತು ಪದ ಸಪ್ಪೆ ಆಗೋಯ್ತು.’

ಹಾಲು ಉಕ್ಕಿದ್ದು ಆಗಲೇ. ನನ್ನ ದನಿ ಅದೆಂಬುದು ಮೊದಲ ಪೆಟ್ಟು. ಅದರ ಹಿಂದೆಯೇ ಸುಮ್ಮನಾಗುತ್ತಿದ್ದ ಹೆಂಗಸರು, ಕಿವಿ ಉಜ್ಜಿಕೊಂಡ ಅಂಗಡಿಯವನು, ಗಲಾಟೆಯೆಂದು ನನ್ನನ್ನು ಅಳಿಸಿದ ಫೋನು, ಒಬ್ಬೊಬ್ಬರಾಗಿ ಬಂದು ಎದುರಿಗೆ ನಿಂತರು. ಸೀದ ವಾಸನೆಗೆ ಯಜಮಾನರು ಓಡಿಬಂದರು. ‘ರೀ, ನಿಜ ಹೇಳಿ, ನಾನು ಹಾಡೋದು ಹೇಗಿರುತ್ತೆ?’ ಎಂದು ಕೇಳಿದೆ. ಅವರು ಗ್ಯಾಸ್ ಆರಿಸುತ್ತ, ‘ಅದೇ ಹೇಳಿದೀನಲ್ಲೇ, ಬೇರೆ ಯಾರದೂ ಕೇಳಿಸೋದೇ ಇಲ್ಲ’ ಎಂದರು. ತಗಡಿನ ಯಂತ್ರದ ಪಕ್ಕ ನಿಂತ ಕಿವಿಗೆ ತಲುಪುವುದು ಎಂಥ ದನಿ ಎಂದು ಆಗ ಅರ್ಥವಾಯಿತು.

ಹಲ್ಲು ಕಿತ್ತ ಮೇಲೆ ದೊಡ್ಡಮ್ಮ ಹೇಳಿಕಳಿಸಿದಳು, ಹಾಡು ಕೇಳಿಸು ಬಾ ಎಂದು. ಕೊನೆಯ ಆ ಮಾತನ್ನು ಕತ್ತರಿಸಿ ಒಯ್ಯೋಣವೆಂದರೆ ನನಗೆ ಕತ್ತರಿಸಲು ಬಾರದು. ಅಂಗಡಿಯವನಿಗೆ ಬರುತ್ತದೆ, ಆದರೆ ಕತ್ತರಿಸಬೇಕಾದರೆ ಅವನು ಕೇಳಬೇಕು. ಕೊನೆಗೆ ಒಂದು ಹುಳುಕು ಯೋಚನೆ ಬಂತು. ಇದ್ದಂತೆಯೇ ಒಯ್ಯುತ್ತೇನೆ, ಇದ್ದಂತೆಯೇ ಹಾಕುತ್ತೇನೆ, ಒಂದು ಸಲ ಅವರೂ ಬೆಚ್ಚಿಬೀಳಲಿ.

ಹೆಬ್ಬೂರಿನ ಮನೆಯಲ್ಲಿ ದೊಡ್ಡಮ್ಮ ಬೋಳು ಬಾಯಿಯಲ್ಲಿ ನಕ್ಕು ಸ್ವಾಗತಿಸಿದಳು. ಅವಳ ‘ಸ’ಗಳೆಲ್ಲ ಗಾಳಿಯಾಗಿ ಹೋಗುತ್ತಿದ್ದವು, ಟೀಚರಾದ್ದರಿಂದ ನಾನು ತಿದ್ದಿ ಬರೆಯುತ್ತಿದ್ದೇನೆ. ಸಾಕಮ್ಮ ಇದ್ದಳು. ಪವಿತ್ರ ಕುಣಿಗಲ್ಲಿನಿಂದ ಮಗು ಎತ್ತಿಕೊಂಡು ಅಜ್ಜಿಯನ್ನು ನೋಡಲು ಬಂದಿದ್ದಳು. ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಮಲಗಿತ್ತು. ಮಿಷಿನು ಹಾಕಿದೆ. ದೊಡ್ಡಮ್ಮ ತನ್ನ ಪದಗಳನ್ನು ಬೇರೆ ಯಾರೋ ಹೇಳುತ್ತಿರುವಂತೆ ಕೇಳಿದಳು. ಒಂದೊಂದು ಕಡೆ ‘ಹ್ಞೂಂ’ ಎಂದಳು. ಕೊನೆಯ ಪದ ಮುಗಿಯಿತು. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಅವಳ ಮುಖ ನೋಡುತ್ತ ಕೂತೆ.

ಮಾತು ಶುರುವಾಯಿತು. ಸಾಕಮ್ಮ ಬಣ್ಣಗೆಟ್ಟಳು, ಎದ್ದು ನಿಂತಳು, ಮತ್ತೆ ಕೂತಳು. ದೊಡ್ಡಮ್ಮ ಕದಲಲಿಲ್ಲ. ಪೂರ್ತಿ ಕೇಳಿ, ‘ಸಾಕಿ, ಸಹಿಸ್ಕೊಂಡು ಅಂದಿದ್ದು ಕೇಳಿದ್ಯಾ? ಸ ಎಷ್ಟು ಚೆಂದಾಗಿ ಬಂದೈತೆ. ಎಂಥಾ ಹಲ್ಲಿದ್ವೇ ನಂಗೆ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಕೇಳಿಸ್ಕಂಡ್ಯಾ? ಒಳ್ಳೇದಾಯ್ತು. ಹೆಂಗ್ ಹೇಳೋದು ಅಂತ ಇಷ್ಟು ವರ್ಷ ತಲೆ ಕೆಡಿಸ್ಕಂಡಿದ್ದೆ. ಮಿಷಿನ್ನೇ ಹೇಳ್ತು. ಒಳ್ಳೇ ಮಿಷಿನ್ ತಂದಿದೀಯ’ ಎಂದಳು. ಬೆಚ್ಚಿಬೀಳಿಸಲು ಹೋದವಳು ನಾನೇ ಮತ್ತೊಮ್ಮೆ ಬಿದ್ದೆ.

ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ದೊಡ್ಡಮ್ಮನ ಕಣ್ಣು ಮಿಂಚಿತು. ‘ಮಗು ಐತೆ, ಜೋಲಿ ಐತೆ. ಮಿಷಿನ್ ಹಾಕೇ ಲಲ್ತಾ, ಆವತ್ತು ಹೋದ ತೊಟ್ಟಿಲ ಪದ ಹಿಡ್ಕೊಳಾನ.’ ಕೆಂಪು ದೀಪ ಹತ್ತಿತು. ಅವಳು ಜೋಲಿಗೆ ಕೈ ಹಾಕಿ ಮೊದಲ ಸಾಲು ಎತ್ತಿದಳು. ಗಾಳಿ ಬಂತು. ಮತ್ತೆ ಎತ್ತಿದಳು. ಮತ್ತೆ ಗಾಳಿ. ಮಗು ಇನ್ನೂ ಜೋರಾಗಿ ಅತ್ತಿತು. ದೊಡ್ಡಮ್ಮ ನಿಲ್ಲಿಸಿದಳು. ಅವಳು ಪದವನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಜೋಲಿ ತೂಗುತ್ತಲೇ ಇತ್ತು, ಪದ ಇರಲಿಲ್ಲ.

‘ಶುರು ಮಾಡಿದ ಪದ ಅರ್ಧಕ್ಕೆ ಬಿಡಬಾರ್ದು’ ಎಂದಳು ಕೊನೆಗೆ. ‘ಪೂರ್ತಿ ಬರೋದು ನಿಂಗೊಬ್ಬಳಿಗೇ. ಎತ್ಕೊಳ್ಳೇ ಲಲ್ತಾ.’

ಉಸಿರು ಎಳೆದುಕೊಂಡೆ.

‘ತಡಿ’ ಎಂದಳು ದೊಡ್ಡಮ್ಮ. ‘ಮೊದ್ಲು ಆ ಮಿಷಿನ್ ಆರ್ಸು.’

ಗುಂಡಿ ಒತ್ತಿದೆ. ಕೆಂಪು ದೀಪ ಆರಿತು. ಕಿಟಕಿಯ ಮೇಲಿಟ್ಟು, ಹಾಡಿದೆ. ಪದ ಒಂದೂ ತಪ್ಪಲಿಲ್ಲ. ತಡವರಿಸಿದಲ್ಲೆಲ್ಲ ದೊಡ್ಡಮ್ಮ ಗಾಳಿಯಲ್ಲೇ ಸಾಲು ಎತ್ತಿಕೊಟ್ಟಳು. ರಾಗದ ವಿಚಾರ ನಾನು ಹೇಳುವುದಿಲ್ಲ. ಸಾಕಮ್ಮ ಅಂಗಳದಲ್ಲಿ ಏನೋ ಕೆಲಸವಿದೆಯೆಂದು ಎದ್ದು ಹೋದಳು. ಆದರೆ ಮಗು ಮೊದಲ ಸಾಲಿಗೇ ಅಳು ನಿಲ್ಲಿಸಿತು. ಮುಗಿದ ಮೇಲೆ ದೊಡ್ಡಮ್ಮ ನನ್ನ ತಲೆ ಸವರಿ, ‘ಮಲಗ್ತು ನೋಡು’ ಎಂದಳು. ಪವಿತ್ರ ಜೋಲಿಯೊಳಗೆ ಬಗ್ಗಿ ನೋಡಿ ಏನೂ ಹೇಳಲಿಲ್ಲ.

ಮನೆಗೆ ಬಂದು ನೋಡಿದರೆ ಆ ಡಬ್ಬಿಯಲ್ಲಿ ಹೊಸದೊಂದು ಹಾಡು ಕೂತಿದೆ. ನಾನು ಯಾವ ಗುಂಡಿ ಒತ್ತಿದ್ದೆನೋ. ಬಾಯಿ ಬಿಟ್ಟ ತಕ್ಷಣ ಅದು ಎದ್ದಿದೆ. ಹೀಗಾಗಿ ನಮ್ಮ ಮನೆತನದ ತೊಟ್ಟಿಲ ಪದ ಮುಂದಿನವರಿಗೆ ಉಳಿಯುವುದು ನನ್ನ ದನಿಯಲ್ಲಿ. ಅಳಿಸೋಣವೆಂದರೆ ಪದ ಹೋಗುತ್ತದೆ, ಕೇಳೋಣವೆಂದರೆ ನನಗೆ ಧೈರ್ಯವಿಲ್ಲ. ಪವಿತ್ರಳಿಗೆ ಮಾತ್ರ, ಬಹಳ ಕೇಳಿದಳೆಂದು, ಕಳಿಸಿಕೊಟ್ಟೆ. ಮೊನ್ನೆ ಫೋನು ಮಾಡಿದ್ದಳು. ‘ಚಿಕ್ಕಮ್ಮ, ಎಷ್ಟು ಉಪಕಾರ ಆಯ್ತು ಗೊತ್ತಾ? ಎಂಥಾ ಅಳು ಇದ್ರೂ ನಿಮ್ ಪದ ಹಾಕಿದ್ ತಕ್ಷಣ ಗಪ್‌ಚುಪ್.’

‘ನಿದ್ದೆ ಮಾಡುತ್ತಾ?’ ಎಂದು ಆಸೆಯಿಂದ ಕೇಳಿದೆ.

‘ನಿದ್ದೆ ಇಲ್ಲ ಚಿಕ್ಕಮ್ಮ. ಬೆಚ್ಚಿಬಿದ್ದು, ಕಣ್ಣು ಅಗಲಿಸ್ಕೊಂಡು, ಕಲ್ಲಿನ ಥರ ಆಗ್ಬಿಡುತ್ತೆ.’

ಪಾಪ, ಆ ಕೂಸಿನ ಕಷ್ಟ ನನಗಲ್ಲದೆ ಇನ್ಯಾರಿಗೆ ಅರ್ಥವಾದೀತು. ಅದರ ಎದುರಿಗೆ ಒಲೆಯ ಮೇಲೆ ಹಾಲಿರುವುದಿಲ್ಲ, ಅಷ್ಟೆ.